ಮನಸ್ಸಿಗೆ ಮಂಕು ಕವಿದಾಗ

ಜ್ವರ ಬಂದವನು ತನಗೆ ಜ್ವರ ಬಂದಿದೆಯೆಂದು ಅರಿಯುವನು. ಹಲ್ಲುನೋವಿನವನಂತೂ ಅದನ್ನು ಮನೆಯವರೆಲ್ಲರಿಗೂ ತಿಳಿಸದೆ ಬಿಡನು. ಆದರೆ ಒಂದು ರೋಗವುಂಟು. ಅದು ಬಂದು ತಿಂಗಳುಗಳೇ ಕಳೆದರೂ ಬಂದವನಿಗೆ ಅದು ರೋಗವೆಂದು ತೋರುವುದಿಲ್ಲ. ತಾನು ಸೋಮಾರಿಯಾದೆನೆಂದೋ, ಕೈಲಾಗದವನಾದೆನೆಂದೋ, ಮನೆಗೆ ಭಾರವಾದೆನೆಂದೋ ಅವನು ತಿಳಿದುಕೊಳ್ಳುವನು. ಈ ರೋಗಕ್ಕೆ ಖಿನ್ನತೆಯೆಂದು ಹೆಸರು. ಜನರ ಮಾತಿನಲ್ಲಿ ಡಿಪ್ರೆಷನ್ ಎಂಬ ಹೆಸರೇ ಹೆಚ್ಚಾಗಿ ಬಳಕೆಯಲ್ಲಿದೆ. ಇದರ ಕುರುಹುಗಳನ್ನು ತನ್ನಲ್ಲಿ ತಾನೇ ಗುರುತಿಸಿಕೊಳ್ಳುವುದು ಏಕೆ ಕಷ್ಟ, ಆ ಕಷ್ಟವನ್ನು ದಾಟುವ ಬಗೆ ಯಾವುದು ಎಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡಬೇಕೆಂದಿರುವೆವು.

ಇದು ಪಟ್ಟಣದವರ ರೋಗ, ಕೆಲಸವಿಲ್ಲದವರ ರೋಗ ಎಂದು ಹಾಸ್ಯಮಾಡುವವರು ನಮ್ಮಲ್ಲಿ ಇನ್ನೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೧೫–೧೬ರಲ್ಲಿ ದೇಶದ ೧೨ ರಾಜ್ಯಗಳಲ್ಲಿ ೩೪,೦೦೦ಕ್ಕೂ ಮಿಕ್ಕ ವಯಸ್ಕರನ್ನು ವಿಚಾರಿಸಿ ನಡೆಸಿದ ಸಮೀಕ್ಷೆಯು ಈ ಹಾಸ್ಯಕ್ಕೆ ಆಸ್ಪದವನ್ನು ಉಳಿಸಿಲ್ಲ. ಸುಮಾರು ೨೦ ಮಂದಿಯಲ್ಲಿ ಒಬ್ಬರು ತಮ್ಮ ಜೀವಮಾನದಲ್ಲಿ ಒಂದು ಸಲವಾದರೂ ಖಿನ್ನತೆಗೆ ಒಳಗಾಗಿರುವರೆಂದೂ, ಅಂಥವರಲ್ಲಿ ನೂರಕ್ಕೆ ೮೦ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದೂ ಅದರಿಂದ ತಿಳಿದುಬಂದಿತು. ನಾಲ್ಕೈದು ಮನೆಗಳ ವಠಾರವೊಂದರಲ್ಲಿ ಒಬ್ಬರೆಂದರೆ ಲೆಕ್ಕ ಹೆಚ್ಚು ತಪ್ಪಾಗದು. ಚಿಕಿತ್ಸೆ ದೊರೆಯದಿದ್ದುದಕ್ಕೆ ವೈದ್ಯರ ಕೊರತೆ ಒಂದು ಕಾರಣ; ಚಿಕಿತ್ಸೆ ಬೇಕೆಂಬುದೇ ರೋಗಿಗೆ ತೋರದಿರುವುದು ಇನ್ನೊಂದು. ರೋಗವೂ ಹೊಸದೇನಲ್ಲ. ಚರಕಸಂಹಿತೆಯು ವಿಷಾದವನ್ನು ವಾತವಿಕಾರಗಳ ಸಾಲಿನಲ್ಲಿ ಎಣಿಸಿದೆ; ರೋಗವನ್ನು ಬೆಳೆಯಿಸುವ ಸಂಗತಿಗಳಲ್ಲಿ ಅದಕ್ಕೆ ಅಗ್ರಸ್ಥಾನವನ್ನೇ ಕೊಟ್ಟಿದೆ.

ಸುಖದ ಸಾಧನಗಳೆಲ್ಲ ಕೈಯಲ್ಲಿದ್ದವರಿಗೂ ಇದು ಬರುವುದೆಂಬುದಕ್ಕೆ ಎಲ್ಲರೂ ಬಲ್ಲ ದೃಷ್ಟಾಂತವೊಂದಿದೆ. ಚಿತ್ರನಟಿ ದೀಪಿಕಾ ಪಡುಕೋಣೆಯವರು ಬೆಂಗಳೂರಿನಲ್ಲಿ ಬೆಳೆದವರು; ೧೯೮೦ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿಯನ್ನು ಗೆದ್ದ ಪ್ರಕಾಶ್ ಪಡುಕೋಣೆಯವರ ಮಗಳು. ೨೦೧೩ನೆಯ ಇಸವಿಯಲ್ಲಿ ಅವರ ನಾಲ್ಕು ಚಿತ್ರಗಳು ಒಂದರ ಹಿಂದೊಂದು ಜನಮನ್ನಣೆಯನ್ನು ಪಡೆದುವು. ಮರುವರ್ಷದ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಎದ್ದಾಗ ಹೊಟ್ಟೆಯೊಳಗೆ ಏನೋ ಬರಿದಾದಂತೆ ಅವರಿಗೆ ತೋರಿತು. ಅಲ್ಲಿಂದ ಮುಂದೆ ಹಾಸಿಗೆಯಿಂದ ಏಳುವುದೇ ಒಂದು ಪ್ರಯಾಸ, ಸುಮ್ಮಸುಮ್ಮನೆ ಅಳು. ಮುಂಬಯಿಗೆ ಬಂದು ಮಗಳೊಡನೆ ಇದ್ದ ತಾಯಿತಂದೆಗಳು ಊರಿಗೆ ಹೊರಡಲು ಗಂಟು ಕಟ್ಟುತ್ತಿದ್ದಾಗ ಮಗಳಿಗೆ ಅಳು ತಡೆಯಲಾಗಲಿಲ್ಲ. ಕೆಲಸದಲ್ಲಿ ತೊಂದರೆಯೋ, ಸ್ನೇಹದಲ್ಲಿ ತೊಂದರೆಯೋ ಎಂದು ತಾಯಿ ಕೇಳಿದರು. ಯಾವುದಕ್ಕೂ ಹೌದೆನ್ನಲು ಮಗಳಿಗೆ ಆಗಲಿಲ್ಲ. ಕಾರಣವೇನೆಂದು ಆಕೆಗೇ ತಿಳಿಯದು. ಕಾರಣ ಸಿಕ್ಕದ ಆ ಅಳುವಿನಲ್ಲಿಯೇ ತಾಯಿಯು ರೋಗವನ್ನು ಕಂಡುಕೊಂಡು, ಇದಕ್ಕೆ ತಿಳಿದವರ ಸಹಾಯ ಬೇಕೆಂದು ನಿಶ್ಚಯಿಸಿದರು. ಗುಣಹೊಂದಿದ ಬಳಿಕ ೨೦೧೫ರಲ್ಲಿ ಆಕೆ ಇದನ್ನೆಲ್ಲ ಬಹಿರಂಗವಾಗಿ ಹೇಳಿಕೊಂಡು, ಲಿವ್ ಲವ್ ಲಾಫ್ ಎಂಬ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಆ ಪ್ರತಿಷ್ಠಾನವು ನಮ್ಮ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿಯೂ ಕೆಲಸಮಾಡಿದೆ.

ದೊಡ್ಡವರ ವಿಷಯವನ್ನು ಹೇಳಿದ ಮೇಲೆ ನಮ್ಮ ಸಣ್ಣ ವಿಷಯವನ್ನು ಮುಚ್ಚಿಟ್ಟುಕೊಳ್ಳುವುದು ನ್ಯಾಯವಲ್ಲ. ರಾತ್ರಿ ಊಟವಾದ ಮೇಲೆ ಆ ದಿನದ ಖರ್ಚನ್ನು ಬರೆದಿಡುವುದು ನಮ್ಮ ತಂದೆಯವರಿಂದ ನಮಗೆ ಬಂದ ಅಭ್ಯಾಸ. ಕೆಲವು ವರ್ಷಗಳ ಕೆಳಗೆ ಆಗಸ್ಟ್ ತಿಂಗಳಿನಲ್ಲಿ ಒಂದು ದಿನ, ಹಿಂದಿನ ತಿಂಗಳು ವಿದ್ಯುತ್ತಿಗೆ ಎಷ್ಟು ಕಟ್ಟಿದೆವೆಂದು ನೋಡಲು ಪುಸ್ತಕವನ್ನು ತೆರೆದೆವು. ಜೂನ್ ೧೧ರಿಂದ ಈಚೆಗೆ ಪುಟಗಳೆಲ್ಲ ಬರಿದಾಗಿದ್ದುವು. ಬರೆಯುವುದನ್ನು ಬಿಡಬೇಕೆಂದು ನಾವು ಎಂದೂ ನಿಶ್ಚಯಿಸಿರಲಿಲ್ಲ. ಬಿಟ್ಟಿರುವೆವೆಂಬುದೂ ನಮಗೆ ತಿಳಿದಿರಲಿಲ್ಲ. ಅಷ್ಟು ದಿನಗಳೂ ಎಂದಿನಂತೆಯೇ ಕಳೆಯುತ್ತಿರುವುವೆಂದು ನಂಬಿದ್ದೆವು!

ಎಂದಿನಂತೆ ಏನೂ ಇರಲಿಲ್ಲವೆಂಬುದು ಆಮೇಲೆ ಒಂದೊಂದಾಗಿ ನೆನಪಿಗೆ ಬಂದಿತು. ಬೆಳಗಿನ ಜಾವ ಮೂರೂವರೆಗೆಲ್ಲ ಎಚ್ಚರವಾಗುತ್ತಿತ್ತು. ಎಂದೋ ಹಳೆಯ ಸ್ನೇಹಿತರೊಬ್ಬರಿಗೆ ಬರೆಯದೆ ಬಿಟ್ಟ ಕಾಗದವೊಂದು ದೊಡ್ಡ ಅಪರಾಧದಂತೆ ಕಾಣುತ್ತ, ಹಾಲಿನವನ ಗಾಡಿಯ ಸದ್ದಾಗುವವರೆಗೂ ಅದನ್ನೇ ಮೆಲುಕುಹಾಕುತ್ತಿದ್ದೆವು. ಕಾಫಿಯು ಬಿಸಿನೀರಿನಂತಿತ್ತು, ಪುಡಿಯನ್ನು ಬದಲಾಯಿಸಿದ್ದಾರೆಂದು ಮನೆಯವರನ್ನು ಆಕ್ಷೇಪಿಸಿದೆವು. ಬಾಗಿಲಿಗೆ ಯಾರಾದರೂ ಬಂದರೆ ಒಳಗೆ ಹೋಗಿ ಮಲಗುತ್ತಿದ್ದೆವು. ಒಂದು ಸಂಜೆ ಮನೆಯವರು, “ಏನೂಂದ್ರೆ, ನೀವು ನಕ್ಕು ಎಷ್ಟು ದಿನ ಆಯ್ತು ಗೊತ್ತೇ?” ಎಂದು ಕೇಳಿದರು. ನಗುವಂಥದ್ದು ಈ ಮನೆಯಲ್ಲಿ ಏನು ನಡೆಯುತ್ತಿದೆಯೆಂದು ನಾವು ಸಿಡುಕಿದೆವು. ನಡುವೆ ಒಬ್ಬ ವೈದ್ಯರ ಬಳಿಗೆ ಸುಸ್ತೆಂದು ಹೋಗಿದ್ದುದೂ ಉಂಟು. ಅವರು ಟಾನಿಕ್ ಬರೆದುಕೊಟ್ಟರು. ತಪ್ಪು ಅವರದೆನ್ನಲಾರೆವು; ಸುಸ್ತೆಂಬುದರ ಹೊರತು ನಾವೇ ಬೇರೇನನ್ನೂ ಹೇಳಿರಲಿಲ್ಲ.

ಕಾಮಾಲೆಯ ಕಣ್ಣಿಗೆ ಕಂಡದ್ದೆಲ್ಲ ಹಳದಿಯೆಂಬ ಗಾದೆಯುಂಟಷ್ಟೆ. ಕಾಮಾಲೆಯವನಿಗೆ ತನ್ನ ಕಣ್ಣು ಹಳದಿಯಾಗಿರುವುದನ್ನು ಕನ್ನಡಿಯಾದರೂ ತೋರಿಸುವುದು. ಖಿನ್ನತೆಯಲ್ಲಿ ಯಾವ ಬುದ್ಧಿಯಿಂದ ನಮ್ಮನ್ನು ನಾವು ಪರೀಕ್ಷಿಸಿಕೊಳ್ಳಬೇಕೋ ಆ ಬುದ್ಧಿಗೇ ಮಂಕು ಕವಿದಿರುವುದು. ಅದು ಆಡುವ ಮಾತು ನಮ್ಮ ಸ್ವಂತ ಧ್ವನಿಯಲ್ಲಿಯೇ ಕೇಳಿಬರುವುದರಿಂದ ನಾವು ಅದನ್ನು ಸತ್ಯವೆಂದೇ ಗ್ರಹಿಸುವೆವು. ಮೇಲಾಗಿ ಅದು ಒಂದೇ ದಿನದಲ್ಲಿ ಬರುವುದು ಅಪರೂಪ. ದೀಪದ ಬತ್ತಿಯನ್ನು ದಿನಕ್ಕೊಂದಿಷ್ಟು ಇಳಿಸುತ್ತ ಬಂದರೆ ಕೋಣೆ ಕತ್ತಲಾದುದು ಕೋಣೆಯಲ್ಲಿಯೇ ಕುಳಿತವನಿಗೆ ತಿಳಿಯದು. ಆದಕಾರಣ “ನನಗೆ ದುಃಖವಾಗಿದೆಯೇ?” ಎಂದು ಕೇಳಿಕೊಳ್ಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. “ಮೂರು ತಿಂಗಳ ಹಿಂದೆ ನಾನು ಏನೇನು ಮಾಡುತ್ತಿದ್ದೆನು, ಈಗ ಅದರಲ್ಲಿ ಏನೇನು ನಿಂತುಹೋಗಿದೆ?” ಎಂದು ಕೇಳಿಕೊಳ್ಳುವುದೇ ಮೇಲು. ಪಕ್ಕದ ಮನೆಯವರೊಡನೆ ಹೋಲಿಸಿಕೊಳ್ಳಬೇಕಾದುದಿಲ್ಲ. ಸ್ವಭಾವತಃ ಮಿತಭಾಷಿಗಳಾದವರು ಮೌನವಾಗಿರುವುದು ರೋಗವಲ್ಲ, ವಾಚಾಳಿಯು ಮೌನವಾದರೆ ವಿಚಾರಿಸತಕ್ಕದ್ದು.

ವೈದ್ಯರು ಮುಖ್ಯವಾಗಿ ನೋಡುವ ಕುರುಹುಗಳು ಎರಡು. ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರುವುದು ಒಂದು. ಮೊದಲು ಪ್ರಿಯವಾಗಿದ್ದುದರಲ್ಲಿ ರುಚಿ ಹೋಗುವುದು ಇನ್ನೊಂದು. ಎರಡರಲ್ಲಿ ಒಂದಾದರೂ ಸೇರಿದಂತೆ ಐದು ಕುರುಹುಗಳು ಹೆಚ್ಚುಕಡಮೆ ಪ್ರತಿದಿನವೂ ಎರಡು ವಾರಗಳವರೆಗೆ ಎಡೆಬಿಡದೆ ಇದ್ದರೆ, ಅದನ್ನು ಖಿನ್ನತೆಯೆಂದು ಶಂಕಿಸುವರು. ಎರಡನೆಯ ಕುರುಹಿನ ಕಡೆಗೆ ವಾಚಕರು ಹೆಚ್ಚು ಲಕ್ಷ್ಯಕೊಡಬೇಕೆಂದು ನಮ್ಮ ಆಶಯ. ಏಕೆಂದರೆ ಕಣ್ಣೀರಿಲ್ಲದ ಖಿನ್ನತೆಯೇ ಹೆಚ್ಚಾಗಿ ಕಣ್ಣುತಪ್ಪಿಸಿಕೊಳ್ಳುವುದು. ಗೃಹಿಣಿಯೊಬ್ಬಳು ನವರಾತ್ರಿಯಲ್ಲಿ ಗೊಂಬೆಗಳನ್ನು ಎಂದಿನಂತೆ ಕೂರಿಸುವಳು, ಬಂದವರಿಗೆ ಎಂದಿನಂತೆ ಅರಿಸಿನಕುಂಕುಮವನ್ನು ಕೊಡುವಳು. ಪೆಟ್ಟಿಗೆಯಿಂದ ಹಳೆಯ ಪಟ್ಟದ ಗೊಂಬೆಯನ್ನು ತೆಗೆಯುವಾಗ ಪ್ರತಿವರ್ಷವೂ ಆಗುತ್ತಿದ್ದ ಸಂತೋಷ ಮಾತ್ರ ಈ ವರ್ಷ ಬರಲಿಲ್ಲ. ಕೆಲಸ ನಿಲ್ಲದಿರುವುದರಿಂದ ಮನೆಯಲ್ಲಿ ಯಾರೂ ಇದನ್ನು ಗಮನಿಸರು, ಅವಳೂ ವಯಸ್ಸಾಯಿತೆಂದುಕೊಳ್ಳುವಳು.

ಉಳಿದ ಕುರುಹುಗಳು ನಿದ್ರೆ, ಹಸಿವು, ಶಕ್ತಿ, ಬುದ್ಧಿಗಳಿಗೆ ಸೇರಿದುವು. ಮಲಗಿದೊಡನೆ ನಿದ್ರೆ ಬಾರದಿರುವುದುಂಟು. ಬೆಳಗಾಗುವುದಕ್ಕೆ ಎರಡು ಮೂರು ಗಂಟೆಗಳ ಮೊದಲೇ ಎಚ್ಚರವಾಗಿ ಮತ್ತೆ ಕಣ್ಣುಮುಚ್ಚದಿರುವುದುಂಟು. ಕೆಲವರಿಗೆ, ಅದರಲ್ಲಿಯೂ ಚಿಕ್ಕ ವಯಸ್ಸಿನವರಿಗೆ, ತದ್ವಿರುದ್ಧವಾಗಿ ಅತಿನಿದ್ರೆಯೇ ಬರುವುದು. ಬೆಳಗ್ಗೆ ಮನಸ್ಸು ಅತ್ಯಂತ ಭಾರವಾಗಿದ್ದು ಸಂಜೆಯ ಹೊತ್ತಿಗೆ ಕೊಂಚ ಹಗುರಾಗುವುದು ಅನೇಕರ ಅನುಭವ. ಸಂಜೆ ಸರಿಹೋಯಿತಲ್ಲಾ ಎಂದು ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡುವುದೂ ಅನೇಕರ ಅನುಭವವೇ. ಹಸಿವು ಕುಗ್ಗಿ ಮೈ ಇಳಿಯುವುದು, ಕೆಲವರಲ್ಲಿ ತಿನ್ನುವುದು ಹೆಚ್ಚುವುದು. ಸ್ನಾನಮಾಡಿ ಬಟ್ಟೆ ಬದಲಾಯಿಸುವುದಕ್ಕೇ ಬೆಟ್ಟ ಹತ್ತಿದಷ್ಟು ಆಯಾಸ. ವೃತ್ತಪತ್ರಿಕೆಯ ಒಂದೇ ಪರಿಚ್ಛೇದವನ್ನು ಮೂರು ಸಲ ಓದಿದರೂ ಅರ್ಥವಾಗದು. ಯಾವ ಪಲ್ಯ ಮಾಡಬೇಕೆಂಬ ನಿರ್ಧಾರವೂ ಕೈಗೆ ಸಿಕ್ಕದು. ಇತರರ ಕಣ್ಣಿಗೇ ಕಾಣುವಂತೆ ಮಾತೂ ನಡೆಯೂ ನಿಧಾನವಾಗಬಹುದು. ಇಲ್ಲವೆ ಕೂತಲ್ಲಿ ಕೂರಲಾರದ ಚಡಪಡಿಕೆಯುಂಟಾಗಬಹುದು. ಇವೆಲ್ಲದರ ಜೊತೆಗೆ ತಾನು ನಿಷ್ಪ್ರಯೋಜಕನೆಂಬ ಭಾವನೆ; ಕಡೆಗೆ ಸಾವಿನ ಯೋಚನೆ.

ನಮ್ಮ ಜನರು “ಮನಸ್ಸು ಸರಿಯಿಲ್ಲ” ಎಂದು ಹೇಳಲು ಸಂಕೋಚಪಡುವಷ್ಟು “ತಲೆ ಭಾರ, ಎದೆ ಹಿಡಿದಂತಿದೆ, ಕೈಕಾಲು ಸೆಳೆತ” ಎಂದು ಹೇಳಲು ಸಂಕೋಚಪಡರು. ಅದರಿಂದ ಈ ರೋಗವು ವೈದ್ಯರ ಬಾಗಿಲಿಗೆ ಮೈನೋವಿನ ವೇಷವನ್ನು ಧರಿಸಿಯೇ ಹೆಚ್ಚಾಗಿ ಬರುವುದು. ಗ್ಯಾಸ್ಟ್ರಿಕ್ ಎಂದು ಮಾತ್ರೆ, ದೃಷ್ಟಿಯಾಯಿತೆಂದು ಮೆಣಸಿನಕಾಯಿ ನಿವಾಳಿಸುವುದು, ತಾಯಿತ, ಸ್ಕ್ಯಾನಿಂಗ್ ಎಲ್ಲವೂ ಆಗಿ, ಏನೂ ಇಲ್ಲವೆಂದು ವರದಿ ಬಂದರೂ ನೋವು ನಿಲ್ಲದು. ನೋವು ಸುಳ್ಳಲ್ಲವೆಂಬುದನ್ನು ಮನೆಯವರು ತಿಳಿದಿರಬೇಕು. ಖಿನ್ನತೆಯಲ್ಲಿ ಮೈಯೂ ನಿಜವಾಗಿಯೇ ನೋಯುವುದು. ಗಂಡಸರಲ್ಲಿ ಅದು ಕೋಪದ ವೇಷದಲ್ಲಿ ಕಾಣಿಸಿಕೊಳ್ಳುವುದುಂಟು. ಮಕ್ಕಳ ಮೇಲೆ ರೇಗುವುದು, ಸಂಜೆ ಮನೆಗೆ ಬರುವುದು ತಡವಾಗುವುದು, ಮೊದಲಿಲ್ಲದ ಮದ್ಯಪಾನ. ಇವುಗಳನ್ನು ಕಂಡವರು ಮನುಷ್ಯ ಕೆಟ್ಟನೆನ್ನುವರು, ಅವನೂ ತಾನು ಕೆಟ್ಟೆನೆಂದೇ ಒಪ್ಪಿಕೊಳ್ಳುವನು. ವೃದ್ಧರಲ್ಲಿ ಮರೆವಿನಂತೆ ತೋರುವುದು. ಅರಳುಮರಳೆಂದು ಬಿಟ್ಟುಬಿಡುವುದರಿಂದ ಗುಣವಾಗತಕ್ಕ ರೋಗವೂ ಗುಣವಾಗದೆ ಹೋಗುವುದು.

ಬಾಣಂತಿಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಹೆರಿಗೆಯಾದ ಮೊದಲ ವಾರದಲ್ಲಿ ಸುಮ್ಮನೆ ಕಣ್ಣೀರು ಬರುವುದು ಬಹುಮಂದಿಗೆ ಸಹಜ. ಹತ್ತು ಹದಿನೈದು ದಿನಗಳಲ್ಲಿ ತಾನಾಗಿ ನಿಲ್ಲುವುದು. ಅದು ನಿಲ್ಲದೆ ಮುಂದುವರಿದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ರೆ ಬಾರದಿದ್ದರೆ, ಮಗುವಿನ ಮೇಲೆ ತನಗೆ ಪ್ರೀತಿಯೇ ಹುಟ್ಟುತ್ತಿಲ್ಲವೆಂದು ಆಕೆ ಒಳಗೊಳಗೇ ಹೆದರುತ್ತಿದ್ದರೆ ಅದು ರೋಗದ ಲಕ್ಷಣ. ಬಾಣಂತಿಕೋಣೆಗೆ ಬರುವವರೆಲ್ಲರೂ ತೊಟ್ಟಿಲ ಕಡೆಗೆ ಬಗ್ಗುವರು. ಮಂಚದ ಕಡೆಗೆ ನೋಡುವವರು ಕಡಮೆ. ತಾಯಿಯಾದವಳು ಇಂಥ ಮಾತನ್ನು ಆಡಬಾರದೆಂಬ ಭಯದಿಂದ ಆಕೆಯೂ ಬಾಯಿಬಿಡಳು. ತವರಿನಲ್ಲಿ ತಾಯಿಯ ಬಳಿಯಾದರೂ ಒಂದು ಮಾತು ಹೇಳಿ, ಹೆರಿಗೆ ಮಾಡಿಸಿದ ವೈದ್ಯರನ್ನೇ ಮೊದಲು ಕೇಳಬಹುದು. ಕಿವಿಯಲ್ಲಿ ಧ್ವನಿ ಕೇಳಿದರೆ, ಮಗುವಿಗೆ ಏನಾದರೂ ಮಾಡಿಬಿಡುವೆನೆಂಬ ಯೋಚನೆ ಬಂದರೆ ಒಂದು ದಿನವೂ ತಡೆಯಕೂಡದು.

ದುಃಖವೆಲ್ಲವೂ ರೋಗವೇ ಎಂದು ವಾಚಕರು ಕೇಳಬಹುದು. ಅಲ್ಲ. ಅರ್ಜುನನ ವಿಷಾದದಿಂದಲೇ ಗೀತೆ ಆರಂಭವಾಗುವುದನ್ನು ನೆನಪಿಸಿ, ಇದೆಲ್ಲ ವಿವೇಕಕ್ಕೆ ಮೊದಲ ಮೆಟ್ಟಿಲೆಂದು ಸಮಾಧಾನ ಹೇಳುವ ಹಿರಿಯರೂ ಉಂಟು. ಅರ್ಜುನನ ಮುಂದೆ ಯುದ್ಧವಿತ್ತು, ಬಂಧುಗಳು ನಿಂತಿದ್ದರು, ಕಾರಣ ಕಣ್ಣೆದುರಿಗಿತ್ತು. ನಮ್ಮ ರೋಗಿಗೆ ಅಂಥ ರಣರಂಗ ಬೇಕಿಲ್ಲ. ಆಪ್ತರನ್ನು ಕಳೆದುಕೊಂಡವರ ಶೋಕವು ಅಲೆಅಲೆಯಾಗಿ ಬರುವುದು. ಎರಡು ಅಲೆಗಳ ನಡುವೆ ಸತ್ತವರ ಒಂದು ಹಳೆಯ ತಮಾಷೆ ನೆನಪಾಗಿ ನಗುವೂ ಬರುವುದು. ತಾನು ಬದುಕಲು ಅಯೋಗ್ಯನೆಂಬ ಮಾತು ಶೋಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಖಿನ್ನತೆಯಾದರೋ ಬಿಡುವಿಲ್ಲದೆ ಕವಿದಿರುವುದು, ತನ್ನನ್ನೇ ದೂಷಿಸುವುದು. ಶೋಕದಿಂದ ಆರಂಭವಾಗಿ ಖಿನ್ನತೆಗೆ ತಿರುಗುವುದೂ ಉಂಟೆಂಬುದನ್ನು ಮರೆಯಬಾರದು.

ಮಂಕಾದ ಬುದ್ಧಿಯನ್ನು ನಂಬದೆ ಅಳೆದುನೋಡಲು ಒಂದು ಸಾಧನವಿದೆ. ೨೦೦೧ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಪಿಎಚ್‌ಕ್ಯೂ–೯ ಎಂಬ ಪ್ರಶ್ನಾವಳಿಯಲ್ಲಿ ಇರುವುದು ಒಂಬತ್ತೇ ಪ್ರಶ್ನೆಗಳು. ಅದು ಕನ್ನಡದಲ್ಲಿಯೂ ದೊರೆಯುವುದು. ಮೇಲೆ ಹೇಳಿದ ಒಂದೊಂದು ಕುರುಹೂ ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಬಾಧಿಸಿತೆಂದು ಕೇಳಿ, ಇಲ್ಲವೇ ಇಲ್ಲವೆಂದರೆ ಸೊನ್ನೆ, ಹೆಚ್ಚುಕಡಮೆ ಪ್ರತಿದಿನವೆಂದರೆ ೩ ಎಂಬಂತೆ ಅಂಕ ಕೊಡುವರು. ಒಟ್ಟು ೨೭. ಹತ್ತು ಅಥವಾ ಅದಕ್ಕೆ ಮಿಕ್ಕು ಬಂದರೆ ವೈದ್ಯರನ್ನು ಕಾಣತಕ್ಕದ್ದು. ಸಾವಿನ ಯೋಚನೆಯ ಕಡೆಯ ಪ್ರಶ್ನೆಗೆ ಸೊನ್ನೆಯ ಹೊರತು ಯಾವ ಅಂಕ ಬಂದರೂ ಒಟ್ಟು ಎಷ್ಟೆಂದು ಎಣಿಸುತ್ತ ಕೂರಬಾರದು. ಇದು ರೋಗನಿರ್ಣಯವಲ್ಲ, ಜ್ವರದ ಕಡ್ಡಿಯಂತೆ ಒಂದು ಸೂಚನೆ ಮಾತ್ರ. ಥೈರಾಯ್ಡ್ ಗ್ರಂಥಿಯ ಮಾಂದ್ಯ, ರಕ್ತಹೀನತೆ, ಬಿ–೧೨ ಜೀವಸತ್ವದ ಕೊರತೆ, ಕೆಲವು ಔಷಧಗಳು ಇವೇ ಲಕ್ಷಣಗಳನ್ನು ತೋರಿಸಬಲ್ಲುವು. ರಕ್ತಪರೀಕ್ಷೆಯಿಂದ ಅವುಗಳಲ್ಲಿ ಹೆಚ್ಚಿನವನ್ನು ಬೇರ್ಪಡಿಸಬಹುದು. ಎಂದಾದರೂ ನಿದ್ರೆಯೇ ಬೇಡವೆನಿಸಿ, ಮಿತಿಮೀರಿದ ಉತ್ಸಾಹದಿಂದ ಹಣವನ್ನು ಚೆಲ್ಲಿದ ದಿನಗಳು ಹಿಂದೆ ಇದ್ದಿದ್ದರೆ ಅದನ್ನೂ ಮರೆಯದೆ ವೈದ್ಯರಿಗೆ ಹೇಳಬೇಕು. ಅಂಥವರಿಗೆ ಕೊಡುವ ಔಷಧವೇ ಬೇರೆ.

ಸಾವಿನ ಯೋಚನೆಯು ಮೊದಲು ಸಾವಿನ ಹೆಸರನ್ನು ಹೇಳಿಕೊಂಡು ಬರುವುದಿಲ್ಲ. “ನಾನಿಲ್ಲದಿದ್ದರೆ ಇವರೆಲ್ಲ ಹಗುರಾಗುವರು” ಎಂದು ಪರೋಪಕಾರದ ಮಾತಿನಂತೆ ಬರುವುದು. ನಮಗೆ ಹಾಗೆಯೇ ಬಂದಿತ್ತು. ಅದನ್ನು ಬಹಳ ವಿವೇಕದ ಮಾತೆಂದು ಕೆಲವು ದಿನ ನಂಬಿದ್ದೆವು. ಆ ವಾಕ್ಯ ಮನಸ್ಸಿನಲ್ಲಿ ಹಾದುಹೋದ ದಿನವೇ ಮನೆಯಲ್ಲಿ ಒಬ್ಬರಿಗೆ ಬಾಯಿಬಿಟ್ಟು ಹೇಳಬೇಕು. ಆ ರಾತ್ರಿ ಒಂಟಿಯಾಗಿ ಇರಕೂಡದು. ಹೇಳಲು ಯಾರೂ ಇಲ್ಲದಿದ್ದರೆ, ಇದ್ದವರಿಗೆ ಹೇಳಲು ನಾಲಗೆ ಏಳದಿದ್ದರೆ, ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಕೇಂದ್ರ ಸರಕಾರವು ೨೦೨೨ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿಮಾನಸ್ ಎಂಬ ಈ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾದುದಿಲ್ಲ. ಇಂಥ ಮಾತನ್ನು ಕೇಳಿದ ಮನೆಯವರು ಬೈಯದೆ, ಉಪದೇಶಿಸದೆ ಬಳಿಯಲ್ಲಿ ಕುಳಿತಿರಬೇಕು. ಹೊಲಗದ್ದೆಗಳುಳ್ಳವರು ಬೆಳೆಗೆ ಹೊಡೆಯುವ ಔಷಧವನ್ನು ಬೀಗದೊಳಗೆ ಇಡುವುದು ಯಾವಾಗಲೂ ಒಳ್ಳೆಯದು.

ಚಿಕಿತ್ಸೆಯ ಬಗ್ಗೆ ಎರಡು ಮಾತು ಸಾಕು. ೧೯೫೦ರ ದಶಕದಲ್ಲಿ ಕ್ಷಯರೋಗಿಗಳಿಗೆ ಕೊಟ್ಟ ಔಷಧವೊಂದರಿಂದ ಅವರ ಮನಸ್ಸು ಗೆಲುವಾದುದನ್ನು ಕಂಡಲ್ಲಿಂದ ಈ ಔಷಧಗಳ ಕಥೆ ಆರಂಭವಾಯಿತು. ಈಗಿನವು ಅವುಗಳಿಗಿಂತ ಬಹಳ ಸೌಮ್ಯವಾದುವು. ಇವು ನಿದ್ರೆಗುಳಿಗೆಗಳಲ್ಲ, ಚಟ ಹತ್ತಿಸುವಂಥವೂ ಅಲ್ಲ. ಆದರೆ ಫಲ ಕಾಣಲು ಎರಡರಿಂದ ಆರು ವಾರ ಹಿಡಿಯುವುದು. ಮೊದಲ ವಾರದಲ್ಲಿ ಹೊಟ್ಟೆತೊಳಸು ಮಾತ್ರ ಕಂಡು ಗುಣ ಕಾಣದೆ ಬಿಟ್ಟುಬಿಡುವವರೇ ಬಹಳ. ಗುಣವಾಯಿತೆಂದು ತಾವಾಗಿಯೇ ಥಟ್ಟನೆ ನಿಲ್ಲಿಸುವವರು ಇನ್ನೂ ಕೆಲವರು. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕೆಂದು ವೈದ್ಯರು ಹೇಳುವರು. ರೋಗ ಸೌಮ್ಯವಾಗಿದ್ದರೆ ತಿಳಿದವರೊಡನೆ ಕ್ರಮವಾಗಿ ಮಾತನಾಡುವ ಚಿಕಿತ್ಸೆಯೇ ಸಾಕಾಗಬಹುದು. ಮನಸ್ಸು ಬರಲೆಂದು ಕಾಯದೆ ದಿನಕ್ಕೊಂದು ಸಣ್ಣ ಕೆಲಸವನ್ನು ಗೊತ್ತಾದ ಹೊತ್ತಿಗೆ ಮಾಡುವುದೂ ಆ ಚಿಕಿತ್ಸೆಯ ಒಂದು ಅಂಗ. ನಮಗೆ ಗೊತ್ತುಮಾಡಿದ ಕೆಲಸವೆಂದರೆ ತುಳಸಿಯ ಕಟ್ಟೆಗೆ ನೀರು ಹಾಕುವುದು. ಮೊದಲ ಹತ್ತು ದಿನ ಅದು ನಮಗೆ ಅಪಮಾನವೆಂದೇ ತೋರಿತ್ತು.

ಮನೋವೈದ್ಯರ ಬಳಿಗೆ ಹೋಗಲು ಮುಖವಿಲ್ಲದಿದ್ದರೆ ಮನೆಯ ವೈದ್ಯರಿಂದಲೇ ಆರಂಭಿಸಬಹುದು. ಅಲ್ಲಿ ಬಾಯಿ ಕಟ್ಟಿಹೋಗುವುದುಂಟಾದುದರಿಂದ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಲೇಸು: ಎಂದಿನಿಂದ, ನಿದ್ರೆ ಹೇಗೆ, ಊಟ ಹೇಗೆ, ಯಾವ ಕೆಲಸ ನಿಂತಿದೆ, ಸಾವಿನ ಯೋಚನೆ ಬಂದಿದೆಯೇ. ಮನೆಯವರೊಬ್ಬರು ಜೊತೆಗಿದ್ದರೆ ನಾವು ಮರೆತುದನ್ನು ಅವರು ಹೇಳುವರು.

ನಾವು ಹೋದಾಗ ಚೀಟಿಗೆ ಬದಲಾಗಿ ಲೆಕ್ಕದ ಪುಸ್ತಕವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆವು. ಎಷ್ಟು ದಿನಗಳಿಂದ ಹೀಗಿದೆಯೆಂದು ವೈದ್ಯರು ಕೇಳಿದರು. ಪುಸ್ತಕವನ್ನು ತೆರೆದು, ಜೂನ್ ೧೧ರಿಂದ ಎಂದು ಧೈರ್ಯವಾಗಿ ತೋರಿಸಿದೆವು. ಅವರು ಕನ್ನಡಕವನ್ನು ಏರಿಸಿಕೊಂಡು ಒಂದೊಂದೇ ಪುಟವನ್ನು ಹಿಂದಕ್ಕೆ ತಿರುವುತ್ತ ಹೋಗಿ, “ಮೇ ತಿಂಗಳಿಂದಲೇ ಅಕ್ಷರ ಸಣ್ಣದಾಗ್ತಾ ಬಂದಿದೆಯಲ್ಲಾ ಸ್ವಾಮಿ” ಎಂದರು. ಪಕ್ಕದಲ್ಲಿ ಕುಳಿತಿದ್ದ ಮನೆಯವರು, “ಯುಗಾದಿಗೆ ಹೊಸ ಬಟ್ಟೆ ಬೇಡ ಅಂದಿದ್ರು” ಎಂದು ಮೆಲ್ಲಗೆ ಹೇಳಿದರು.